ಶ್ರಾವಣದ ಸಂಜೆ ಮತ್ತು ಗವಾಯಿಗಳ ಗಾನ: ಉಚಿತ ಸಂಗೀತ ಸಭೆಗಳ ಒಂದು ಅಧ್ಯಯನ

ಮುಂಗಾರಿನ ಮಳೆಯು ಹದವಾಗಿ ಬಿದ್ದು, ತೊಗರಿಯ ಸಾಲುಗಳಲ್ಲಿ ಎಡೆ ಹೊಡೆಯುವ ಕೆಲಸವು ತುಸು ಹಗುರಾಗುವ ಹೊತ್ತಿಗೆ ಶ್ರಾವಣಮಾಸವು ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮಠಗಳಲ್ಲಿಯೂ ಸುತ್ತಣ ಹಳ್ಳಿಗಳ ಗುಡಿಗಳಲ್ಲಿಯೂ ಆಗ ಪುರಾಣ-ಪ್ರವಚನಗಳು ಆರಂಭವಾಗುತ್ತವೆ. ದೀಪ ಹಚ್ಚಿದ ಮೇಲೆ, ಶಾಸ್ತ್ರಿಗಳು ಪೀಠಕ್ಕೆ ಬರುವ ಮುನ್ನ, ಗವಾಯಿಗಳು ಹಾರ್ಮೋನಿಯಂ ತೆರೆದು ಸ್ವರ ಹಿಡಿಯುತ್ತಾರೆ. ತಬಲಾದವರು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಶ್ರುತಿಗೂಡಿಸುತ್ತಾರೆ. ಒಂದು ರಾಗದ ಆಲಾಪ, ಒಂದೆರಡು ವಚನ, ಒಂದು ತತ್ವಪದ. ಅಷ್ಟರಲ್ಲಿ ಜನ ಕೂಡುತ್ತಾರೆ. ಬಾಗಿಲಲ್ಲಿ ಚೀಟಿ ಹರಿಯುವವರಿಲ್ಲ, ಮುಂದಿನ ಸಾಲು ಹಿಂದಿನ ಸಾಲು ಎಂಬ ದರದ ಭೇದವೂ ಇಲ್ಲ. ತಿಂಗಳುದ್ದಕ್ಕೂ ನಿತ್ಯವೂ ಹೀಗೆಯೇ ನಡೆಯುತ್ತದೆ.

ಇದನ್ನು ಯಾರೂ ಸಂಗೀತೋತ್ಸವವೆಂದು ಕರೆಯುವುದಿಲ್ಲ. ಮಹಾನಗರಗಳಲ್ಲಿ ಆರು ಸಭೆಗಳನ್ನು ಏರ್ಪಡಿಸಿದರೆ ಅದು ಸಂಗೀತ ಮಾಲಿಕೆಯೆನಿಸಿ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಇಲ್ಲಿ ಮೂವತ್ತು ಸಂಜೆಗಳ ಗಾನವು ಪ್ರವಚನದ ಪೂರ್ವಪೀಠಿಕೆಯಾಗಿ, ಮಂದಿ ಸೇರುವವರೆಗಿನ ಕಾಲಕ್ಷೇಪವಾಗಿ ಕಳೆದುಹೋಗುತ್ತದೆ. ಗವಾಯಿಗಳು ಹಾಡುತ್ತಿರುವಾಗ ಚಾಪೆ ಹಾಸುವವರು ಹಾಸುತ್ತಿರುತ್ತಾರೆ, ಧ್ವನಿವರ್ಧಕದವರು ತಂತಿ ಎಳೆಯುತ್ತಿರುತ್ತಾರೆ, ಕಾರ್ಯಕರ್ತರು ಮೈಕಿನ ಬಳಿ ಬಂದು ದಾಸೋಹದ ಸೂಚನೆಯನ್ನು ಹೇಳಿ ಹೋಗುತ್ತಾರೆ. ಈ ಭಾಗಕ್ಕೆ ಶಾಸ್ತ್ರೀಯ ಸಂಗೀತದ ಉಚಿತ ಸಭೆಗಳನ್ನು ಹೊಸದಾಗಿ ತರಬೇಕೆಂದು ಆಶಿಸುವವರು ಮೊದಲು ಗಮನಿಸಬೇಕಾದುದು, ಅಂಥ ಸಭೆಗಳು ಇಲ್ಲಿ ಈಗಾಗಲೇ ಇವೆ ಎಂಬುದನ್ನು. ಅವುಗಳಿಗೆ ಇಲ್ಲದಿರುವುದು ಅವುಗಳದೇ ಆದ ಒಂದು ಗಂಟೆಯ ಕಾಲ, ಮತ್ತು ಹಾಡುವವರ ಜೀವನಕ್ಕೆ ಸಾಕಾಗುವ ಒಂದು ವ್ಯವಸ್ಥೆ.

ಕೇಳುವವನಿಗೆ ಉಚಿತವಾದುದು ಯಾರಿಗೋ ವೆಚ್ಚವಾಗಿಯೇ ಇರುತ್ತದೆ. ಈ ಸತ್ಯವನ್ನು ಈ ನೆಲದ ಹಿರಿಯರು ಚೆನ್ನಾಗಿ ಅರಿತಿದ್ದರು. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯ 1058ರ ಶಾಸನವನ್ನು ನೋಡಬಹುದು. ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕನಾಗಿದ್ದ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ದತ್ತಿ ಬಿಟ್ಟ ವಿವರಗಳು ಅದರಲ್ಲಿವೆ. ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳು, ಅವರ ಉಪಾಧ್ಯಾಯರು, ಗ್ರಂಥಭಂಡಾರವನ್ನು ನೋಡಿಕೊಳ್ಳಲು 6 ಮಂದಿ ಸರಸ್ವತೀ ಭಂಡಾರಿಗರು ಇವರೆಲ್ಲರಿಗೂ ಭೂಮಿಯ ಉತ್ಪನ್ನದಿಂದ ಅನ್ನ ವಸ್ತ್ರಗಳ ಏರ್ಪಾಡಾಗಿತ್ತು. ವಿದ್ಯೆಯು ಕಲಿಯುವವನಿಗೆ ಉಚಿತವಾಗಿತ್ತೆಂದರೆ ಹೊಲವೊಂದು ಎಲ್ಲಿಯೋ ಅದಕ್ಕಾಗಿ ಬೆಳೆ ಕೊಡುತ್ತಿತ್ತು. ಪುಸ್ತಕ ಕಾಯುವವನ ಕೂಳಿನ ಲೆಕ್ಕವನ್ನೂ ಕಲ್ಲಿನಲ್ಲಿ ಕೊರೆಸಿದ ಆ ಮುಂದಾಲೋಚನೆಯು ಇಂದಿನ ಅನೇಕ ಸಮಿತಿಗಳ ಜಮಾ-ಖರ್ಚಿನ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಸಂಗೀತದ ವಿಷಯದಲ್ಲಿ ಪೋಷಣೆಯು ಬಹುಕಾಲ ಅರಮನೆಯ ಮತ್ತು ದೇಗುಲದ ಒಳಗೆ ಉಳಿಯಿತು. ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಗೀತವಿನೋದ, ವಾದ್ಯವಿನೋದ, ನೃತ್ಯವಿನೋದಗಳನ್ನು ಸವಿಸ್ತಾರವಾಗಿ ವಿವರಿಸಿದ್ದಾನೆ. ಆದರೆ ಹೆಸರೇ ಹೇಳುವಂತೆ ಅವು ದೊರೆಯ ವಿನೋದಗಳು. ಅದೇ ಕಲ್ಯಾಣದಲ್ಲಿ ಅದೇ ಶತಮಾನದಲ್ಲಿ ಕಿನ್ನರಿಯನ್ನು ನುಡಿಸುತ್ತಿದ್ದ ಬೊಮ್ಮಯ್ಯನೆಂಬ ಶರಣನನ್ನು ಪರಂಪರೆಯು ಅವನ ವಾದ್ಯದ ಹೆಸರಿನಿಂದಲೇ ನೆನೆಯುತ್ತದೆ. ಸಂಗೀತವು ಆಸ್ಥಾನದಿಂದ ಅಂಗಳಕ್ಕೆ ಇಳಿಯಿತು. ಕಲಬುರಗಿಯಲ್ಲಿ ಬಂದೇನವಾಜರ ಉರುಸಿನ ಕವ್ವಾಲಿಗೂ, ಹೋಳಿಯ ಬಳಿಕ ಬರುವ ಶರಣಬಸವೇಶ್ವರರ ಜಾತ್ರೆಯ ಭಜನೆಗೂ ಇಂದಿನವರೆಗೆ ಪ್ರವೇಶಧನವೆಂಬುದಿಲ್ಲ. ಮೈಸೂರಿನಂತೆ ಆಸ್ಥಾನ ವಿದ್ವಾಂಸರ ಸಾಲು ಈ ತಾಲೂಕುಗಳಿಗೆ ದೊರೆಯಲಿಲ್ಲ. ದೊರೆತುದು ಜಾತ್ರೆ, ಉರುಸು ಮತ್ತು ಮಠ.

ಮಠದ ಮೂಲಕ ಶಾಸ್ತ್ರೀಯ ಸಂಗೀತವು ಸಾಮಾನ್ಯ ಜನರ ಕಿವಿಗೆ ಬಿದ್ದ ಕಥೆಯಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸಮನಾದ ಉದಾಹರಣೆ ಕರ್ನಾಟಕದಲ್ಲಿ ಮತ್ತೊಂದಿಲ್ಲ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಅಂದಿನ ಕಾಲದಲ್ಲಿ ಬಡವರ ಮನೆಯ ಅಂಧ ಬಾಲಕನಿಗೆ ತೆರೆದಿದ್ದ ದಾರಿ ಭಿಕ್ಷೆಯೊಂದೇ. ಪೂಜ್ಯ ಹಾನಗಲ್ ಕುಮಾರ ಶಿವಯೋಗಿಗಳು ಆ ಬಾಲಕನ ಕಂಠವನ್ನು ಕೇಳಿ ಸಂಗೀತ ಶಿಕ್ಷಣದ ಹೊಣೆಯನ್ನು ತಾವೇ ಹೊತ್ತರು. ಶಿವಯೋಗ ಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಆ ಮಹನೀಯರಿಗೆ ಸಂಗೀತವು ಅಲಂಕಾರದ ವಸ್ತುವಾಗಿರಲಿಲ್ಲ. ಅಂಧನೊಬ್ಬನು ಸ್ವಾವಲಂಬಿಯಾಗಿ ಬಾಳುವ ಕಾಯಕವಾಗಿ ಅವರು ಅದನ್ನು ಕಂಡರೆಂಬುದು ಮುಂದಿನ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ಹಿಂದುಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪರಿಣತರಾಗಿ ಉಭಯ ಗಾಯನಾಚಾರ್ಯರೆನಿಸಿದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸಿದರು. ಪಾಠಶಾಲೆಯೇ ಸಂಚಾರಿಯಾಗಿತ್ತು: ಹಗಲು ಪಾಠ, ಇರುಳು ಊರವರೆದುರು ಹಾಡುಗಾರಿಕೆ, ಊರವರು ಕೊಟ್ಟ ಜೋಳದಿಂದ ಶಿಷ್ಯರ ಊಟ. ಕಲಿಕೆ ಹಾಗೂ ಸಭೆಗಳನ್ನು ಬೇರ್ಪಡಿಸದ ಈ ಕ್ರಮವನ್ನು ಸಂಗೀತ ಶಿಕ್ಷಕರು ವಿಶೇಷವಾಗಿ ಪರಿಶೀಲಿಸಬೇಕು. ವಿದ್ಯಾರ್ಥಿಯು ಹತ್ತು ವರ್ಷ ಕಲಿತು ಹನ್ನೊಂದನೆಯ ವರ್ಷದಲ್ಲಿ ಸಭೆಗೆ ಹೆದರುತ್ತ ಬರುವ ಪ್ರಸಂಗವೇ ಅಲ್ಲಿರಲಿಲ್ಲ. ಅವನು ಕಲಿತುದೇ ಸಭೆಯ ನಡುವೆ. ಕೇಳುವವರೂ ಅವನೊಡನೆಯೇ ಕಲಿತರು. ಶಿಷ್ಯರ ಸಂಖ್ಯೆ ಬೆಳೆದು ಜೋಳಿಗೆಯು ಸಾಲದಾದಾಗ ಗವಾಯಿಗಳು ನಾಟಕ ಕಂಪನಿಯನ್ನು ಕಟ್ಟಿದರು. ನಾಟಕಕ್ಕೆ ಟಿಕೇಟು ಇತ್ತು. ಆ ಟಿಕೇಟಿನ ಹಣದಿಂದ ಅಂಧ-ಅನಾಥ ಮಕ್ಕಳ ಉಚಿತ ಸಂಗೀತ ಪಾಠ ನಡೆಯಿತು. ಒಂದರ ಗಳಿಕೆಯನ್ನು ಇನ್ನೊಂದರ ದಾಸೋಹಕ್ಕೆ ತಿರುಗಿಸಿದ ಈ ಲೆಕ್ಕಾಚಾರವು ಭಾವುಕತೆಯದಲ್ಲ, ವ್ಯವಹಾರಜ್ಞಾನದ್ದು. ಕಡೆಗೆ ಗದುಗಿನ ದಾನಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಸ್ಥಳ ದೊರೆತು ಆಶ್ರಮವು ನೆಲೆನಿಂತಿತು. ವೀರೇಶ್ವರ ಎಂಬ ಹೆಸರಿನಲ್ಲಿ ದಾನಿಯ ನೆನಪೂ ಉಳಿಯಿತು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು.

ಅವರ ಬಳಿಕ ಆಶ್ರಮದ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಹೀನರೇ. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಮೊದಲಾದ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದ ಅವರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಕ್ತರು ಊರೂರುಗಳಲ್ಲಿ ಅವರಿಗೆ ತುಲಾಭಾರ ಮಾಡುತ್ತಿದ್ದರು; ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬಿದ್ದ ನಾಣ್ಯಗಳು ಆಶ್ರಮದ ಮಕ್ಕಳ ಅನ್ನಕ್ಕೆ ಸಲ್ಲುತ್ತಿದ್ದವು. ಹೊರಗಿನವರ ಕಣ್ಣಿಗೆ ವೈಭವದಂತೆ ತೋರಿದ ಆ ತುಲಾಭಾರವು ವಾಸ್ತವವಾಗಿ ಒಂದು ಸಂಗೀತ ಶಾಲೆಯ ವಾರ್ಷಿಕ ಆಯವ್ಯಯದ ಆಯಭಾಗವಾಗಿತ್ತು. ಭಾರತ ಸರ್ಕಾರವು 2010ರಲ್ಲಿ ಅವರಿಗೆ ಪದ್ಮಭೂಷಣವನ್ನಿತ್ತಿತು.

ಈ ಪರಂಪರೆಯಿಂದ ಹೊರಬಂದವರಲ್ಲಿ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮುಂತಾದವರ ಹೆಸರು ಎಲ್ಲರಿಗೂ ತಿಳಿದಿದೆ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಬಾಲಕ ವೆಂಕಟೇಶಕುಮಾರರು ಹನ್ನೆರಡರ ವಯಸ್ಸಿನಲ್ಲಿ ಆಶ್ರಮವನ್ನು ಸೇರಿ, ಪುಟ್ಟರಾಜರಲ್ಲಿ ಕಲಿತು, ದೇಶದ ಅಗ್ರಗಣ್ಯ ಗಾಯಕರೆನಿಸಿ 2016ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಆದರೆ ಈ ಅಧ್ಯಯನಕ್ಕೆ ಹೆಚ್ಚು ಮುಖ್ಯರಾದವರು ಯಾವ ಪ್ರಶಸ್ತಿಯ ಪಟ್ಟಿಯಲ್ಲಿಯೂ ಇಲ್ಲದ ನೂರಾರು ಗವಾಯಿಗಳು. ಆಶ್ರಮದಲ್ಲಿ ಕಲಿತು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದವರು, ಶ್ರಾವಣ ಬಂದೊಡನೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನಲ್ಲೇರಿಸಿ ಹಳ್ಳಿಗಳಿಗೆ ಹೋಗುವವರು. ಯಮನ್ ಎಂಬ ಹೆಸರನ್ನೇ ಕೇಳದ ರೈತನ ಕಿವಿಗೂ ಯಮನ್ ರಾಗವು ಪರಿಚಿತವಾಗಿರುವುದು ಇವರ ದೆಸೆಯಿಂದ.

ಉಚಿತ ಸಭೆಗಳ ಇತರ ಮಾದರಿಗಳೂ ಇವೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತ ನಾಡಿಗೇರರ ವಾಡೆಯಲ್ಲಿ ನಡೆದುಬಂದ ಅಹೋರಾತ್ರಿ ಗಾಯನಕ್ಕೆ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಗುರುಸೇವೆಯೆಂದು ಬಂದು ಹಾಡುತ್ತಿದ್ದರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಅಲ್ಲಿಯ ಆರಾಧನೆಯಲ್ಲಿ ಹೆಂಗಸರಿಗೆ ಹಾಡುವ ಅವಕಾಶವಿಲ್ಲದಿದ್ದಾಗ ಪ್ರತ್ಯೇಕವಾಗಿ ಮಹಿಳೆಯರ ಆರಾಧನೆಯನ್ನೇ ನಡೆಸಿದ ಧೀಮಂತೆ ಆಕೆ. ಈ ಎರಡೂ ಕಡೆ ಕೇಳುವವರು ಹಣ ಕೊಡುವುದಿಲ್ಲ, ಹಾಡುವವರು ಹಣವನ್ನು ಎಣಿಸಿ ಬರುವುದಿಲ್ಲ. ವರ್ಷಕ್ಕೊಮ್ಮೆ ಗುರುವಿನ ಸನ್ನಿಧಿಯಲ್ಲಿ ಇದು ಶೋಭಿಸುತ್ತದೆ. ಇದನ್ನೇ ನಿಯಮವೆಂದು ಹಿಡಿದು ಶ್ರಾವಣದ ಗವಾಯಿಗಳಿಗೂ "ಸೇವೆಯಲ್ಲವೇ" ಎಂದು ಹೇಳಿ ಶಾಲು ಹೊದಿಸಿ ಕಳುಹಿಸುವುದು ಮಾತ್ರ ನ್ಯಾಯವಲ್ಲ. ಪ್ರಸಿದ್ಧ ಗಾಯಕರಿಗೆ ಉಳಿದ ದಿನಗಳಲ್ಲಿ ಸಂಭಾವನೆಯ ಸಭೆಗಳಿದ್ದವು. ಹಳ್ಳಿಯ ಗವಾಯಿಗೆ ಶ್ರಾವಣವೇ ಸುಗ್ಗಿ.

ತಬಲಾದವರ ಪಾಡು ಇನ್ನೂ ಕೆಳಗಿನದು. ಕರಪತ್ರದಲ್ಲಿ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಲ್ಲ ಮುಗಿದ ಮೇಲೆ ಗಾಯಕರ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ತಬಲಾ ಸಾಥಿಯ ಹೆಸರು. ಅದೂ ಎಷ್ಟೋ ಸಲ ಇರುವುದಿಲ್ಲ. ದತ್ತಿಯನ್ನಿಡಲು ಬಯಸುವ ದಾನಿಗಳು ಗಾಯಕರ ಸಂಭಾವನೆಗೆಂದು ಬರೆಯುವಾಗಲೇ ಪಕ್ಕವಾದ್ಯಕ್ಕೆಂದು ಬೇರೆ ಮೊಬಲಗನ್ನು ಕಾಣಿಸಿದರೆ ನಾಗಾವಿಯ ಶಾಸನದ ಮರ್ಯಾದೆಗೆ ಹತ್ತಿರವಾದೀತು.

ಇನ್ನು ಕೇಳುಗರ ಶಿಕ್ಷಣದ ಮಾತು. ವರ್ಷಕ್ಕೊಂದು ದೊಡ್ಡ ಸಭೆಗಿಂತ ಎಡೆಬಿಡದ ಸಣ್ಣ ಸಭೆಗಳ ಮಾಲಿಕೆಯು ಮೇಲೆಂಬುದಕ್ಕೆ ಕಾರಣವು ರಾಗದ ಸ್ವಭಾವದಲ್ಲಿಯೇ ಇದೆ. ರಾಗವು ಒಮ್ಮೆಗೆ ಪರಿಚಯವಾಗುವಂಥದಲ್ಲ. ಮೊದಲ ನಾಲ್ಕು ಸಂಜೆ ಗವಾಯಿಗಳು ಭೂಪಾಳಿಯನ್ನೇ ಹಾಡಿದರೆನ್ನೋಣ. ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು, ಎಲ್ಲವೂ ಶುದ್ಧ. ಕರ್ನಾಟಕ ಪದ್ಧತಿಯಲ್ಲಿ ಇವೇ ಸ್ವರಗಳ ರಾಗಕ್ಕೆ ಮೋಹನವೆಂದು ಹೆಸರು. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಐದನೆಯ ಸಂಜೆ ದುರ್ಗಾ ರಾಗವನ್ನು ತೆಗೆದುಕೊಂಡು ಗಾಂಧಾರವನ್ನು ಬಿಟ್ಟು ಶುದ್ಧ ಮಧ್ಯಮವನ್ನು ಹಿಡಿದರೆ, ಒಂದೇ ಒಂದು ಸ್ವರದ ವ್ಯತ್ಯಾಸದಿಂದ ಮನೆಯ ಅಂಗಳವೇ ಬದಲಾದಂತೆ ತೋರುತ್ತದೆ. ಬಳಿಕ ಭೂಪಾಳಿಗೆ ಮರಳಿ ಅದಕ್ಕೆ ನಿಷಾದವನ್ನೂ ತೀವ್ರ ಮಧ್ಯಮವನ್ನೂ ಕೂಡಿಸಿದರೆ ಯಮನ್ ಬಾಗಿಲು ತೆರೆಯುತ್ತದೆ. ರಾಗವೆಂದರೆ ಬರಿಯ ಸ್ವರಗಳ ಪಟ್ಟಿಯಲ್ಲ, ನಡೆಯೇ ಬೇರೆ ಎಂಬುದು ನಿಜ. ಆದರೆ ನಡೆಯನ್ನು ಗುರುತಿಸುವ ಕಿವಿಗೆ ಮೊದಲು ಮನೆಗಳ ಗುರುತು ಹತ್ತಬೇಕು. ಹತ್ತು ಸಂಜೆಗಳಲ್ಲಿ ಏಳನೆಯ ಇಯತ್ತೆಯ ಹುಡುಗನು ಈ ಮೂರನ್ನೂ ಬೇರ್ಪಡಿಸಬಲ್ಲನಾದರೆ ಅದು ಯಾವ ಪಠ್ಯಪುಸ್ತಕದಿಂದಲೂ ಬಾರದ ವಿದ್ಯೆ. ತೀನತಾಳದ 16 ಮಾತ್ರೆಗಳನ್ನು ಬೆರಳಲ್ಲಿ ಎಣಿಸುತ್ತ ಸಮ್ ಬರುವಲ್ಲಿ ತಲೆದೂಗುವುದನ್ನು ಮುದುಕರು ಶಾಲೆಯಿಲ್ಲದೆಯೇ ಕಲಿತಿದ್ದಾರೆ.

ಪ್ರವಚನದ ವೇಳೆಯು ಸಂಜೆಯದಾದ್ದರಿಂದ ಒಂದು ನಷ್ಟವೂ ಆಗಿದೆ. ಯಮನ್, ಭೂಪಾಳಿ, ದುರ್ಗಾ, ಬಹಳವಾದರೆ ಬಾಗೇಶ್ರೀ: ಈ ಸಂಜೆ-ಇರುಳಿನ ರಾಗಗಳಲ್ಲಿಯೇ ಊರಿನ ಕಿವಿ ನಿಂತಿದೆ. ಬೆಳಗಿನ ತೋಡಿ, ಅಹೀರ್ ಭೈರವಗಳನ್ನು ಜನರು ಕೇಳುವ ಪ್ರಸಂಗವೇ ಒದಗುವುದಿಲ್ಲ. ಶಾಲೆಗಳು ಈ ಕೊರತೆಯನ್ನು ತುಂಬಬಲ್ಲವು, ಏಕೆಂದರೆ ಶಾಲೆಯು ಬೆಳಗಿನ ಹೊತ್ತು ತೆರೆಯುವ ಸಂಸ್ಥೆ. ದಿಲ್ಲಿಯಲ್ಲಿ ಪ್ರಾಧ್ಯಾಪಕ ಕಿರಣ ಸೇಠರು 1977ರಲ್ಲಿ ಆರಂಭಿಸಿದ ಸ್ಪಿಕ್ ಮೆಕೆ ಸಂಸ್ಥೆಯು ಹಿರಿಯ ಕಲಾವಿದರನ್ನು ಶಾಲಾ ಕಾಲೇಜುಗಳಿಗೇ ಕರೆತಂದು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೇಳಿಸುವ ಪದ್ಧತಿಯನ್ನು ದೇಶದಾದ್ಯಂತ ಹಬ್ಬಿಸಿದೆ. ಪ್ರಾರ್ಥನೆಯ ಬಳಿಕ ಮುಕ್ಕಾಲು ಗಂಟೆಯ ತೋಡಿ ಕೇಳಿದ ಮಕ್ಕಳಿಗೆ ಅಂದಿನ ಗಣಿತದ ಪಾಠವು ತಪ್ಪಿಹೋದರೆ ಮುಖ್ಯಾಧ್ಯಾಪಕರು ಅದನ್ನು ಶನಿವಾರ ತುಂಬಿಕೊಳ್ಳಬಹುದು.

ಪರದೇಶದ ಜಾಝ್ ಸಂಗೀತವನ್ನೂ ಇಂಥ ಮಾಲಿಕೆಗಳಲ್ಲಿ ಸೇರಿಸುವುದು ಕೆಲವು ಕಡೆ ರೂಢಿಯಲ್ಲಿದೆ. ಸೇಡಂ-ಚಿತ್ತಾಪುರಗಳಿಗೆ ಅದು ಅತಿ ದೂರದ್ದೆಂದು ತೋರಬಹುದು. ವಿಚಾರಿಸಿದರೆ ಅಷ್ಟು ದೂರವಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನಾಂಗದವರ ನಡುವೆ ಬೆಳೆದ ಈ ಸಂಗೀತದಲ್ಲಿ ಒಂದು ಪಲ್ಲವಿಯನ್ನು ಎಲ್ಲರೂ ನುಡಿಸಿ, ಬಳಿಕ ಒಬ್ಬೊಬ್ಬರೂ ಸ್ವಂತ ಕಲ್ಪನೆಯಿಂದ ಅದನ್ನು ಬೆಳೆಸಿ, ತಾಳ ತಪ್ಪದೆ ಮತ್ತೆ ಪಲ್ಲವಿಗೆ ಮರಳುತ್ತಾರೆ. ಬಂದಿಶನ್ನು ಹಾಡಿ ತಾನುಗಳಲ್ಲಿ ಸುತ್ತಿ ಸಮ್‌ಗೆ ಬರುವ ಖ್ಯಾಲನ್ನು ಕೇಳಿದವನಿಗೆ ಈ ಆಟವು ಅರ್ಥವಾಗದೆ ಇರದು. ಬಂಟ್ವಾಳ ತಾಲೂಕಿನವರಾದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮಾರುಹೋಗಿ, ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಪಳಗಿಸಿದರು. ಮುಂಬಯಿಯ ಜಾಝ್ ಉತ್ಸವದಲ್ಲಿ 1980ರಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರು ಅವರ ವಾದನವನ್ನು ಕೇಳಿ ಜೊತೆಗೆ ನುಡಿಸಿದರು. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿತವಾದ ಕರ್ನಾಟಕ ತಾಳವಾದ್ಯ ಕಾಲೇಜಿನ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿಯವರು ಜಾಝ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನೇ ಹೊರತಂದರು. ಮದುವೆಯ ಮೆರವಣಿಗೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುವವರಿರುವ ಊರುಗಳಿಗೆ ಊದುವ ಹಿತ್ತಾಳೆಯ ವಾದ್ಯಗಳು ಹೊಸವೇನಲ್ಲ.

ಜಾಝ್‌ನವರಿಂದ ಕಲಿಯಬೇಕಾದ ಇನ್ನೊಂದು ಸಂಗತಿಯೂ ಇದೆ. ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯ ಬಡ ಜನರು ಸಭಾಗೃಹಗಳಿಗೆ ಬರಲಾರರೆಂದು ಕಂಡ ಪಿಯಾನೊ ವಾದಕ ಬಿಲ್ಲಿ ಟೇಲರರು 1964ರಲ್ಲಿ ಇತರರೊಡಗೂಡಿ 'ಜಾಝ್‌ಮೊಬೀಲ್' ಎಂಬ ಸಂಸ್ಥೆಯನ್ನು ಕಟ್ಟಿ, ಗಾಡಿಯ ಮೇಲಿನ ವೇದಿಕೆಯನ್ನೇ ಓಣಿಗಳಿಗೆ ಒಯ್ದು ಹೆಸರಾಂತ ವಾದಕರನ್ನು ಉಚಿತವಾಗಿ ಕೇಳಿಸಿದರು. ಪಂಚಾಕ್ಷರಿ ಗವಾಯಿಗಳ ಸಂಚಾರಿ ಪಾಠಶಾಲೆಯನ್ನು ಬಲ್ಲವರಿಗೆ ಇದು ಪರಿಚಿತ ಹೆಜ್ಜೆಯೇ.

ಸಂಚಾರದ ಅನುಕೂಲವು ಈ ಐದು ಊರುಗಳಿಗೆ ಯಥೇಷ್ಟವಾಗಿದೆ. ಶಹಾಬಾದ ಮತ್ತು ವಾಡಿಗಳು ಮುಂಬಯಿ-ಮದರಾಸು ಮಾರ್ಗದಲ್ಲಿವೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ಮಾರ್ಗದ ಮೇಲೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಬರುತ್ತವೆ. ಪುಣೆ-ಸೊಲ್ಲಾಪುರಗಳಿಂದ ಹೈದರಾಬಾದಿನ ಸಭೆಗಳಿಗೆ ರೈಲಿನಲ್ಲಿ ಹೋಗುವ ಗಾಯಕರಿಗೆ ವಾಡಿಯು ದಾರಿಯಲ್ಲಿ ಸಿಗುವ ನಿಲ್ದಾಣ. ಅಂಥವರನ್ನು ಒಂದು ಇರುಳು ಇಳಿಸಿಕೊಳ್ಳುವುದು ದೊಡ್ಡ ಉತ್ಸವಕ್ಕೆ ಪ್ರತ್ಯೇಕವಾಗಿ ಕರೆಸುವಷ್ಟು ದುಬಾರಿಯಾಗದು. ಐದೂ ಊರಿನ ಸಮಿತಿಗಳು ಕೂಡಿ ಕರೆಸಿದರೆ ಒಂದು ಪ್ರಯಾಣದ ವೆಚ್ಚದಲ್ಲಿ ಐದು ಸಭೆಗಳಾಗುತ್ತವೆ. ವೇಳೆಯನ್ನು ಮಾತ್ರ ಆಯಾ ಊರಿನ ಬದುಕಿಗೆ ಹೊಂದಿಸಬೇಕು. ಸಿಮೆಂಟ್ ಕಾರ್ಖಾನೆಯ ಪಾಳಿಯಲ್ಲಿ ದುಡಿಯುವ ವಾಡಿಯ ಕೆಲಸಗಾರನಿಗೂ ಶಹಾಬಾದದ ಕಲ್ಲುಗಣಿಯಲ್ಲಿ ಬಿಸಿಲಿಗೆ ಬೆಂದು ಬಂದವನಿಗೂ ಅಹೋರಾತ್ರಿ ಗಾಯನವು ಹೊಂದದು. ಮರುದಿನ ಬೆಳಗಿನ ಪಾಳಿಗೆ ಏಳಬೇಕಾದವನನ್ನು ಒಂದೂವರೆ ಗಂಟೆಯಲ್ಲಿ ಬಿಡುವುದೇ ಲೇಸು.

ಚಿಂಚೋಳಿಗೆ ರೈಲಿಲ್ಲ, ತೆಲಂಗಾಣದ ತಾಂಡೂರಿನಲ್ಲಿ ಇಳಿದು ರಸ್ತೆಯ ಮೇಲೆ ಬರಬೇಕು. ಆದ್ದರಿಂದ ಎಲ್ಲ ಕಾರ್ಯಕ್ರಮಗಳಲ್ಲಿಯೂ ಅದು ಕಡೆಗೆ ಉಳಿಯುತ್ತದೆ, ಎಷ್ಟೋ ಸಲ ಬಿಟ್ಟುಹೋಗುತ್ತದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ನಾಲ್ಕೂ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಆ ಊರಿಗೆ ಮಾತಿನ ಹಂಗಿಲ್ಲದ ವಾದ್ಯಸಂಗೀತವು ಉಳಿದ ನಾಲ್ಕಕ್ಕಿಂತ ಹೆಚ್ಚಾಗಿಯೇ ಒಪ್ಪುತ್ತದೆ. ಸರದಿಯನ್ನು ಶಹಾಬಾದದಿಂದ ಆರಂಭಿಸುವ ಬದಲು ಚಿಂಚೋಳಿಯಿಂದ ಆರಂಭಿಸಿ, ಸೇಡಂ, ಚಿತ್ತಾಪುರ, ವಾಡಿಗಳ ಮೇಲೆ ಇಳಿದುಬಂದರೆ ಕಲಾವಿದರು ಶಹಾಬಾದದಲ್ಲಿ ಐದನೆಯ ಸಭೆಯನ್ನು ಮುಗಿಸಿ ಅಲ್ಲಿಂದಲೇ ಸೊಲ್ಲಾಪುರದ ಕಡೆಯ ಗಾಡಿಯನ್ನು ಹಿಡಿಯಬಹುದು.